ತೂಕ ಇಳಿಯುತ್ತಾ ಬಂದು ನಿಂತುಬಿಟ್ಟಾಗ: ಸದಸ್ಯರ ಪ್ರಶ್ನೆಗಳಿಗೆ ಆಹಾರತಜ್ಞೆಯ ಉತ್ತರ

ಪ್ರಶ್ನೆ (ಸುರತ್ಕಲ್‌ನ ಸದಸ್ಯೆ):

ನಮಸ್ಕಾರ ಮೇಡಂ. ನನಗೆ 42 ವರ್ಷ, ಎತ್ತರ 158 ಸೆಂಟಿಮೀಟರ್, ಬ್ಯಾಂಕ್ ಉದ್ಯೋಗಿ. ಜನವರಿಯಲ್ಲಿ 76 ಕೆ.ಜಿ. ತೂಗುತ್ತಿದ್ದೆ. ರಾತ್ರಿಯ ಅನ್ನವನ್ನು ಬಿಟ್ಟೆ, ಮಧ್ಯಾಹ್ನ ಒಂದೇ ಸೌಟು ಕುಚ್ಚಲಕ್ಕಿ ಅನ್ನಕ್ಕೆ ಇಳಿದೆ, ಸಕ್ಕರೆ, ಬನ್ಸ್, ಗೋಳಿಬಜೆ ಎಲ್ಲವನ್ನೂ ನಿಲ್ಲಿಸಿದೆ, ಬೆಳಿಗ್ಗೆ ಪಣಂಬೂರಿನ ಕಡಲತೀರದಲ್ಲಿ ಮುಕ್ಕಾಲು ಗಂಟೆ ನಡೆಯತೊಡಗಿದೆ. ಮೇ ಕೊನೆಯ ಹೊತ್ತಿಗೆ 68ಕ್ಕೆ ಬಂದೆ. ಅಲ್ಲಿಂದೀಚೆಗೆ ಎರಡು ತಿಂಗಳಾದರೂ ತೂಕ ಕದಲಿಲ್ಲ. ಮಳೆ ಶುರುವಾದರೂ ವ್ಯಾಯಾಮ ತಪ್ಪಿಸಿಲ್ಲ, ಮನೆಯಲ್ಲೇ ಟ್ರೆಡ್‌ಮಿಲ್ ಮೇಲೆ ನಡೆಯುತ್ತೇನೆ. ಕಳೆದ ವಾರ ಮಧ್ಯಾಹ್ನದ ಅನ್ನವನ್ನೂ ಬಿಟ್ಟು ನೋಡಿದೆ. ತಲೆಸುತ್ತು ಬಂತೇ ಹೊರತು ತೂಕ ಇಳಿಯಲಿಲ್ಲ. ಥೈರಾಯ್ಡ್ ಇರಬೇಕೆಂದು ಅತ್ತೆಯವರು ಹೇಳುತ್ತಾರೆ. ನಾನು ಇನ್ನೇನನ್ನು ಬಿಡಬೇಕು?

ಉತ್ತರ:

ಮಧ್ಯಾಹ್ನದ ಆ ಒಂದು ಸೌಟು ಅನ್ನವನ್ನು ನಾಳೆಯಿಂದಲೇ ಮತ್ತೆ ಉಣ್ಣಿರಿ. ನಿಮ್ಮ ವಿವರಗಳನ್ನು ಓದಿದರೆ, ಸದ್ಯ ಬಿಡಬೇಕಾದ್ದಕ್ಕಿಂತ ಅಳೆದು ನೋಡಬೇಕಾದ್ದೇ ಹೆಚ್ಚು ಇದೆ ಎಂದು ನನಗೆ ಅನಿಸುತ್ತದೆ. ನೀವು ಕಳೆದುಕೊಂಡಿರುವ ಎಂಟು ಕಿಲೊ ನಿಮ್ಮ ಮೊದಲಿನ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಯಕೃತ್ತಿನ ಕೊಬ್ಬು ಸುಧಾರಿಸಲು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಕೆಯೇ ಸಾಕಾಗುತ್ತದೆ. ಅದನ್ನು ಎರಡು ತಿಂಗಳು, ಅದೂ ಮಳೆಗಾಲದಲ್ಲಿ, ಮರಳಿ ಬಾರದಂತೆ ಹಿಡಿದಿಟ್ಟುಕೊಂಡಿದ್ದೀರಿ. ಇದನ್ನು ಸೋಲೆಂದು ದಯವಿಟ್ಟು ಎಣಿಸಬೇಡಿ.

ತೂಕ ಇಳಿದ ದೇಹಕ್ಕೆ ಬೇಕಾಗುವ ಶಕ್ತಿ ಕಡಿಮೆ. ಹೊರಬೇಕಾದ ಭಾರ ಕಡಿಮೆಯಾಗಿರುತ್ತದೆ, ಜೊತೆಗೆ ದೇಹ ತನ್ನ ಖರ್ಚನ್ನು ಸ್ವಲ್ಪ ಬಿಗಿ ಮಾಡಿಕೊಂಡಿರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಂಶೋಧಕರಾಗಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರ ಲೆಕ್ಕದಂತೆ, ಇಳಿದ ಪ್ರತಿ ಕಿಲೊಗೆ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲೊರಿ ತಗ್ಗುತ್ತದೆ. ನಿಮ್ಮ ಎಂಟು ಕಿಲೊಗೆ ಅದು 160ರಿಂದ 240 ಕ್ಯಾಲೊರಿ. ಆದರೆ ಅವರು 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಂಶ ಇದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ: ಇಳಿದ ಪ್ರತಿ ಕಿಲೊಗೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಅಂದರೆ ಖರ್ಚಿನ ಇಳಿಕೆಗಿಂತ ಹಸಿವಿನ ಏರಿಕೆ ಮೂರು ಪಟ್ಟಿಗೂ ಮಿಗಿಲು. ಮೈಯಲ್ಲಿ ಕೊಬ್ಬು ಕಡಿಮೆಯಾದಾಗ ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಎಂಬ ಹಾರ್ಮೋನು ತಗ್ಗುವುದು ಇದಕ್ಕೆ ಒಂದು ಕಾರಣ. ಜನವರಿಯಲ್ಲಿ ಒಂದು ಸೌಟು ಅನ್ನಕ್ಕೆ ತಣಿಯುತ್ತಿದ್ದ ಹೊಟ್ಟೆ ಜುಲೈಯಲ್ಲಿ ಅಷ್ಟಕ್ಕೆ ತಣಿಯುವುದಿಲ್ಲ. ಆಗ ಕೈ ತಾನಾಗಿಯೇ ಸಾಂಬಾರನ್ನು ಇನ್ನೊಂದು ಸೌಟು ಬಡಿಸಿಕೊಳ್ಳುತ್ತದೆ. ಅದು ನೆನಪಿನಲ್ಲೂ ಉಳಿಯುವುದಿಲ್ಲ, ಲೆಕ್ಕಕ್ಕೂ ಬರುವುದಿಲ್ಲ.

ಇದು ನಿಮ್ಮ ಪ್ರಾಮಾಣಿಕತೆಯ ಕುರಿತ ಅನುಮಾನವಲ್ಲ. 1992ರಲ್ಲಿ ನ್ಯೂಯಾರ್ಕ್‌ನ ಸಂಶೋಧಕರು, ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎಂದು ಹೇಳಿದವರನ್ನು ಪರೀಕ್ಷಿಸಿದರು. ಅವರ ದೇಹದ ಶಕ್ತಿಯ ಖರ್ಚು ಸಹಜವಾಗಿಯೇ ಇತ್ತು. ತಿಂದದ್ದನ್ನು ಸರಾಸರಿ ನೂರಕ್ಕೆ 47ರಷ್ಟು ಕಡಿಮೆಯಾಗಿಯೂ, ದೈಹಿಕ ಚಟುವಟಿಕೆಯನ್ನು ನೂರಕ್ಕೆ 51ರಷ್ಟು ಹೆಚ್ಚಾಗಿಯೂ ಅವರು ವರದಿ ಮಾಡಿದ್ದರು. ಊಟದ ಅಂದಾಜಿನಲ್ಲಿ ನಮ್ಮಲ್ಲಿ ಬಹಳ ಮಂದಿ ಹೀಗೆಯೇ ತಪ್ಪುತ್ತೇವೆ.

ನಮ್ಮ ಕರಾವಳಿಯ ಊಟದಲ್ಲಿ ಆ ತಪ್ಪು ಅನ್ನದಲ್ಲಿ ಇರುವುದಿಲ್ಲ, ಏಕೆಂದರೆ ಅನ್ನವನ್ನು ಎಲ್ಲರೂ ಕಣ್ಣಿಟ್ಟು ಬಡಿಸಿಕೊಳ್ಳುತ್ತಾರೆ. ಅದು ಇರುವುದು ತೆಂಗಿನಕಾಯಿಯಲ್ಲಿ ಮತ್ತು ಎಣ್ಣೆಯಲ್ಲಿ. ನೂರು ಗ್ರಾಂ ಬೆಂದ ಅನ್ನದಲ್ಲಿ ಸುಮಾರು 130 ಕ್ಯಾಲೊರಿ ಇದ್ದರೆ, ನೂರು ಗ್ರಾಂ ಹಸಿ ಕಾಯಿತುರಿಯಲ್ಲಿ 350ಕ್ಕೂ ಮೀರಿ ಇರುತ್ತದೆ. ಬೆಳಗಿನ ನೀರುದೋಸೆಯ ಚಟ್ನಿ, ಮಧ್ಯಾಹ್ನದ ಕಾಯಿ ಅರೆದ ಗಸಿ, ಪಲ್ಯದ ಮೇಲೆ ಉದುರಿಸಿದ ತುರಿ, ಇವೆಲ್ಲ ಸೇರಿ ಒಬ್ಬರ ಪಾಲಿಗೆ 80 ಗ್ರಾಂ ಕಾಯಿ ಬಂದರೂ, ನೀವು ಕಷ್ಟಪಟ್ಟು ಬಿಟ್ಟ ರಾತ್ರಿಯ ಅನ್ನದಷ್ಟೇ ಶಕ್ತಿ ಇನ್ನೊಂದು ಬಾಗಿಲಿನಿಂದ ಒಳಗೆ ಬಂದಂತಾಯಿತು. ತೆಂಗಿನಕಾಯಿಯನ್ನು ನಾನು ದೂಷಿಸುತ್ತಿಲ್ಲ. ಅದಿಲ್ಲದೆ ನಮ್ಮ ಅಡುಗೆಯೇ ಇಲ್ಲ. ಆದರೆ ಅಳತೆಗೆ ಸಿಗದೆ ಉಳಿದಿರುವ ಪದಾರ್ಥ ಅದೇ. ಎಣ್ಣೆಯ ಲೆಕ್ಕ ಇನ್ನೂ ಸುಲಭ: ಮನೆಗೆ ತಿಂಗಳಿಗೆ ತರುವ ಎಣ್ಣೆಯನ್ನು ಉಣ್ಣುವವರ ಸಂಖ್ಯೆಯಿಂದ ಭಾಗಿಸಿ. ನಾಲ್ವರಿಗೆ ನಾಲ್ಕು ಲೀಟರ್ ಮುಗಿಯುತ್ತಿದ್ದರೆ ಒಬ್ಬರಿಗೆ ದಿನಕ್ಕೆ ಸುಮಾರು 33 ಮಿಲಿಲೀಟರ್, ಎಂದರೆ 270 ಕ್ಯಾಲೊರಿಗಿಂತ ಹೆಚ್ಚು, ಎಣ್ಣೆಯೊಂದರಿಂದಲೇ ಬರುತ್ತದೆ.

ಇನ್ನು, ನಿಂತಿರುವುದು ನಿಜವಾಗಿಯೂ ಕೊಬ್ಬಿನ ಇಳಿಕೆಯೇ ಎಂಬುದನ್ನೂ ನೋಡಬೇಕು. ತಕ್ಕಡಿ ಕೊಬ್ಬನ್ನೂ ನೀರನ್ನೂ ಬೇರೆಬೇರೆಯಾಗಿ ತೂಗುವುದಿಲ್ಲ. ನಿಮ್ಮ ತೂಕ ನಿಂತದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಹಸಿ ಮೀನು ದುಬಾರಿಯಾಗಿ, ಒಣಮೀನಿನ ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಉಪ್ಪುಸೊಳೆಯ ಪಲ್ಯ ಊಟಕ್ಕೆ ಬರುವ ಕಾಲವದು. ಉಪ್ಪು ಹೆಚ್ಚಾದಾಗ ಮೈ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿಯೂ, ಹೊಸ ವ್ಯಾಯಾಮ ಆರಂಭಿಸಿದಾಗಲೂ ಹೀಗಾಗುವುದುಂಟು. ಅತಿಯಾಗಿ ಊಟ ಕಡಿಮೆ ಮಾಡಿದಾಗಲೂ ನೀರು ನಿಲ್ಲಬಹುದು: 1944–45ರಲ್ಲಿ ಶರೀರವಿಜ್ಞಾನಿ ಆನ್ಸೆಲ್ ಕೀಸ್ ಅವರು ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 36 ಮಂದಿ ಸ್ವಯಂಸೇವಕರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದಾಗ, ಅವರ ತೂಕ ಕಾಲುಭಾಗದಷ್ಟು ಇಳಿಯಿತು, ಜೊತೆಗೆ ಹಲವರ ಕಾಲುಗಳಲ್ಲಿ ನೀರು ತುಂಬಿ ಬಾವು ಕಾಣಿಸಿಕೊಂಡಿತು. ಆದ್ದರಿಂದ ಬೆಳಿಗ್ಗೆ ಶೌಚದ ನಂತರ, ಏನನ್ನೂ ತಿನ್ನುವ ಮೊದಲು, ವಾರದಲ್ಲಿ ಮೂರು ನಾಲ್ಕು ದಿನ ತೂಕ ನೋಡಿ ಸರಾಸರಿ ತೆಗೆಯಿರಿ. ಅದನ್ನು ಕಳೆದ ಮುಟ್ಟಿನ ಚಕ್ರದ ಅದೇ ವಾರದ ಸರಾಸರಿಯೊಂದಿಗೆ ಹೋಲಿಸಿ. ಸೊಂಟದ ಸುತ್ತಳತೆಯನ್ನೂ ಟೇಪಿನಿಂದ ಬರೆದಿಡಿ. ಭಾರತೀಯ ಮಹಿಳೆಯರಿಗೆ 80 ಸೆಂಟಿಮೀಟರ್ ಮಿತಿ ಎಂದು ಹೇಳಲಾಗುತ್ತದೆ. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ನಿಮ್ಮ ಪ್ರಯತ್ನ ಫಲ ಕೊಡುತ್ತಲೇ ಇದೆ.

ಮರಳಿನ ಮೇಲೆ ನಡೆಯಲು ಗಟ್ಟಿ ನೆಲಕ್ಕಿಂತ ಹೆಚ್ಚು ಶಕ್ತಿ ಬೇಕು. ಟ್ರೆಡ್‌ಮಿಲ್‌ನ ಕಂಬಿ ಹಿಡಿದು ನಡೆದರೆ ಇನ್ನೂ ಕಡಿಮೆ ಸಾಕು. ಹಾಗಾಗಿ ಅದೇ ಮುಕ್ಕಾಲು ಗಂಟೆಯಾದರೂ ಕೆಲಸ ಮೊದಲಿನಷ್ಟಿಲ್ಲ. ಮಳೆಯ ಕಾರಣದಿಂದ ಬಸ್‌ ನಿಲ್ದಾಣಕ್ಕೆ ನಡೆಯುವ ಬದಲು ರಿಕ್ಷಾ ಹಿಡಿಯುವುದು, ಸಂಜೆ ಹೊರಗೆ ಹೋಗದಿರುವುದು ಕೂಡ ಇಲ್ಲಿ ಸೇರುತ್ತದೆ. ನಡಿಗೆಯ ಅವಧಿಯನ್ನು ಹೆಚ್ಚಿಸುವುದಕ್ಕಿಂತ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಮಾಡಿ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು. ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ತಡೆಯಲು ಈ ವ್ಯಾಯಾಮದ ಜೊತೆ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ದಿನಕ್ಕೆ 65ರಿಂದ 75 ಗ್ರಾಂ ನಿಮಗೆ ಸರಿಯಾದ ಗುರಿ. ನೂರು ಗ್ರಾಂ ಬಂಗುಡೆ ಅಥವಾ ಬೂತಾಯಿಯಲ್ಲಿ ಸುಮಾರು 20 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ದೊರೆಯುತ್ತದೆ. ಹಸಿವನ್ನು ತಣಿಸುವುದರಲ್ಲಿಯೂ ಪ್ರೋಟೀನ್ ಮೇಲುಗೈ.

ಥೈರಾಯ್ಡ್ ವಿಷಯದಲ್ಲಿ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಸರಳವಾದುದು, ಮಾಡಿಸಿಕೊಳ್ಳಿ. ಆದರೆ ಥೈರಾಯ್ಡ್ ಕೊರತೆಯಿಂದ ಹೆಚ್ಚುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೊ, ಅದರಲ್ಲಿಯೂ ಬಹುಪಾಲು ಉಪ್ಪು ಮತ್ತು ನೀರಿನದು. ತಲೆಸುತ್ತು ಅನ್ನ ಉಂಡ ಮೇಲೂ ಮುಂದುವರಿದರೆ ರಕ್ತದೊತ್ತಡ ಮತ್ತು ಹಿಮೋಗ್ಲೋಬಿನ್ ನೋಡಿಸಿ.

ಮುಂದಿನ ಒಂದೆರಡು ತಿಂಗಳು 68ರಲ್ಲೇ ನಿಲ್ಲುವುದನ್ನೇ ಗುರಿಯಾಗಿಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಅಷ್ಟರಲ್ಲಿ ಕಾಯಿ ಮತ್ತು ಎಣ್ಣೆಯ ಅಳತೆ ರೂಢಿಯಾಗಲಿ, ಸ್ನಾಯುಬಲ ಕೂಡಿಬರಲಿ. ಮಳೆ ತಗ್ಗಿ, ಮೀನು ಅಗ್ಗವಾಗಿ, ಕಡಲತೀರದ ನಡಿಗೆ ಮತ್ತೆ ಆರಂಭವಾದ ಮೇಲೆ ಇನ್ನೂ ಮೂರು ನಾಲ್ಕು ಕಿಲೊ ಇಳಿಸುವ ಯೋಚನೆ ಮಾಡೋಣ.

ಅದೇ ಸದಸ್ಯೆ:

ತುಂಬಾ ಧನ್ಯವಾದ ಮೇಡಂ. ಕಾಯಿಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಆದರೆ ಅಡುಗೆ ಅತ್ತೆಯವರದು, ಎಲ್ಲರಿಗೂ ಒಂದೇ ಸಾರು. ನನಗಾಗಿ ಬೇರೆ ಮಾಡಿ ಎಂದು ಹೇಳಲು ಮನಸ್ಸಾಗುವುದಿಲ್ಲ.

ಉತ್ತರ:

ಹೇಳಬೇಕಾಗಿಲ್ಲ. ಕಾಯಿ ಅರೆಯದ ಅಡುಗೆಯೂ ನಮ್ಮಲ್ಲಿ ಬೇಕಾದಷ್ಟಿದೆ: ಬಂಗುಡೆ ಪುಳಿಮುಂಚಿ, ಹುರುಳಿ ಸಾರು, ಬೇಳೆಯ ತೊವ್ವೆ. ವಾರದಲ್ಲಿ ಮೂರು ದಿನ ಇವನ್ನು ಮಾಡೋಣವೆಂದು ಕೇಳಿಕೊಂಡರೆ ಯಾರಿಗೂ ಬೇಸರವಾಗದು. ಗಸಿ ಮಾಡಿದ ದಿನ ಹೋಳುಗಳನ್ನು ಹೆಚ್ಚು, ರಸವನ್ನು ಕಡಿಮೆ ಬಡಿಸಿಕೊಳ್ಳಿ. ಕಾಯಿ ಒಡೆದ ದಿನ ತುರಿಯನ್ನು ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ಅತ್ತೆಯವರೊಂದಿಗೇ ನೋಡಿ. ಸಂಖ್ಯೆಯನ್ನು ಕಂಡ ಮೇಲೆ ಅವರೇ ಅಳತೆ ಹಿಡಿಯಬಹುದು.

ಪ್ರಶ್ನೆ (ಉಡುಪಿಯ ಸದಸ್ಯರು):

ನನಗೆ 55 ವರ್ಷ, ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳಿವೆ. ದಿನವೂ ಅಜ್ಜರಕಾಡು ಮೈದಾನದಲ್ಲಿ ನಡೆಯುತ್ತೇನೆ, ಆದರೂ ತೂಕ 81ರಲ್ಲೇ ನಿಂತಿದೆ. ಹದಿನಾರು ಗಂಟೆ ಉಪವಾಸದ ಕ್ರಮದಿಂದ ಇಳಿಯುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಆರಂಭಿಸಬಹುದೇ?

ಉತ್ತರ:

ನಿಮ್ಮ ವೈದ್ಯರನ್ನು ಕೇಳದೆ ಆರಂಭಿಸಬೇಡಿ. ಗ್ಲಿಮೆಪಿರೈಡ್ ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ನಡುಕ, ಬೆವರು, ಗೊಂದಲ ಕಾಣಿಸಿಕೊಂಡರೆ ತಕ್ಷಣ ಸಕ್ಕರೆ ಅಥವಾ ಗ್ಲೂಕೋಸ್ ತೆಗೆದುಕೊಳ್ಳಬೇಕು. ಗ್ಲಿಮೆಪಿರೈಡ್ ಗುಂಪಿನ ಮಾತ್ರೆಗಳು ಮತ್ತು ಇನ್ಸುಲಿನ್ ತೂಕವನ್ನು ಸ್ವಲ್ಪ ಹೆಚ್ಚಿಸುವ ಸ್ವಭಾವದವು, ಮೆಟ್‌ಫಾರ್ಮಿನ್ ಹಾಗಲ್ಲ. ಆದ್ದರಿಂದ ನಿಮ್ಮ ತೂಕ ನಿಂತಿರುವುದರಲ್ಲಿ ಔಷಧದ ಪಾಲೂ ಇರಬಹುದು. ಬದಲಿ ಔಷಧ ಸಾಧ್ಯವೇ ಎಂದು ಕೇಳುವುದು ನಿಮ್ಮ ಹಕ್ಕು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಊಟದಲ್ಲಿ ಹೆಸರುಕಾಳು, ಕಡಲೆ, ಹುರುಳಿ, ಮಜ್ಜಿಗೆಗಿಂತ ಗಟ್ಟಿಯಾದ ಮೊಸರು ಹೆಚ್ಚಾಗಲಿ.

ಪ್ರಶ್ನೆ (ಮಣ್ಣಗುಡ್ಡದ ಸದಸ್ಯೆ):

ಪುನರ್ಪುಳಿ ಶರಬತ್ತು ಕುಡಿದರೆ ಕೊಬ್ಬು ಕರಗುತ್ತದೆಯೇ? ಅದರದೇ ಮಾತ್ರೆ ಎಂದು ಒಂದು ಡಬ್ಬಿಯನ್ನು ತರಿಸಿಕೊಂಡಿದ್ದೇನೆ.

ಉತ್ತರ:

ಶರಬತ್ತಿನಲ್ಲಿ ಪುನರ್ಪುಳಿಗಿಂತ ಸಕ್ಕರೆಯೇ ಹೆಚ್ಚು; ಸಕ್ಕರೆ ಹಾಕದ ಪುನರ್ಪುಳಿ ಸಾರನ್ನು ಧಾರಾಳವಾಗಿ ಕುಡಿಯಿರಿ, ಕೊಬ್ಬು ಕರಗೀತೆಂಬ ನಿರೀಕ್ಷೆ ಬೇಡ. ತೂಕ ಇಳಿಸುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಪುನರ್ಪುಳಿಯ ಸಂಬಂಧಿಯಾದ ಉಪ್ಪಾಗೆಯ ಸಾರ, ಗಾರ್ಸೀನಿಯಾ ಎಂಬ ಹೆಸರಿನಲ್ಲಿ. ಅದರಿಂದ ತೂಕದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದದ್ದು ವೈದ್ಯಕೀಯ ವರದಿಗಳಲ್ಲಿದೆ. ಸೇವಿಸಲು ಆರಂಭಿಸಿದ್ದರೆ ನಿಲ್ಲಿಸಿ. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ, ವಾಕರಿಕೆ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ, ಆ ಡಬ್ಬಿಯನ್ನೂ ಕೊಂಡೊಯ್ದು ತೋರಿಸಿ.