ಸಹಾಯ ಬೇಕು: ಹಾಸನದಲ್ಲಿ 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಯಾರ ಹತ್ರ ಇದೆ?

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಫಿಸಿಯೋಥೆರಪಿ ಮೊದಲ ವರ್ಷ ಓದ್ತಿದ್ದೀನಿ. ಪ್ರಾಕ್ಟಿಕಲ್ ಪರೀಕ್ಷೆ ಹತ್ರ ಬಂತು, ಕಪಾಲ ನರಗಳ (ಮಿದುಳಿಂದ ನೇರವಾಗಿ ಹೊರಡೋ ನರಗಳ) ಪರೀಕ್ಷೆಯನ್ನ ರೂಮಲ್ಲೇ ಗೆಳತಿಯರು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡ್ತಿದ್ದೀವಿ. ವಾಸನೆಯ ನರಕ್ಕೆ ಕಾಫಿಪುಡಿ, ಲವಂಗ ಸಾಕು, ನಮ್ಮ ಕಡೆ ಅದಕ್ಕೇನು ಬರ! ಅಮೋನಿಯಾ ಮಾತ್ರ ಬಳಸಬಾರದು, ಅದು ಮುಖದ ಸ್ಪರ್ಶ, ಉರಿ ತಿಳಿಸೋ ಐದನೇ ನರವನ್ನೂ ಕೆರಳಿಸುತ್ತೆ.

ತೊಡಕಾಗಿರೋದು ಕಿವಿಯ ಎಂಟನೇ ನರದ್ದು. ರಿನ್ನೆ ಅನ್ನೋ ಶ್ರವಣ ಪರೀಕ್ಷೆಯಲ್ಲಿ ಟ್ಯೂನಿಂಗ್ ಫೋರ್ಕನ್ನ (ತಟ್ಟಿದರೆ ಅದುರಿ ಸದ್ದು ಮಾಡೋ ಲೋಹದ ಕವೆ) ಕಿವಿ ಹಿಂದಿನ ಮೂಳೆ ಮೇಲಿಟ್ಟು, ಸದ್ದು ನಿಂತಿತು ಅಂದಮೇಲೆ ಕಿವಿ ಮುಂದೆ ಹಿಡಿದರೆ ಮತ್ತೆ ಕೇಳಿಸಬೇಕು. ನಮಗೆ ಸಿಕ್ಕಿರೋದು 128 ಹರ್ಟ್ಸ್‌ದು. ಅದರಲ್ಲಿ ಕೇಳಿಸಿದ್ದು ಸದ್ದೋ, ಬರೀ ಮೂಳೆ ಅದುರಿದ್ದೋ ಅಂತ ಹೇಳೋಕೇ ಆಗ್ತಿಲ್ಲ. 512ರದ್ದು ಇದ್ದರೆ ಎರಡು ದಿನಕ್ಕೆ ಕೊಡ್ತೀರಾ? ಸಾಲಗಾಮೆ ರಸ್ತೆ, ಕೆ.ಆರ್. ಪುರಂ, ಎಲ್ಲಿದ್ರೂ ನಾವೇ ಬಂದು ತಗೊಂಡು, ಜೋಪಾನವಾಗಿ ವಾಪಸ್ ಕೊಡ್ತೀವಿ.

ಸೀನಿಯರ್‌ಗಳಿಗೆ ಇನ್ನೊಂದು ಪ್ರಶ್ನೆ. ಒಬ್ಬಳಿಗೆ ಮಂಡಿ ಕೆಳಗೆ ತಟ್ಟಿದರೆ ಕಾಲು ಎಗರೋದೇ ಇಲ್ಲ. ಎರಡೂ ಕೈಬೆರಳು ಕೊಕ್ಕೆ ಹಾಕಿ ಎಳೆದುಕೋ ಅಂದಾಗ ಮಾತ್ರ ಸ್ವಲ್ಪ ಅಲ್ಲಾಡುತ್ತೆ. ಬೇರೆ ತೊಂದರೆ ಏನೂ ಇಲ್ಲ. ಇದನ್ನ ರೆಕಾರ್ಡ್‌ನಲ್ಲಿ ಹೇಗೆ ಬರೀಬೇಕು? ಅವಳು ಹೆದರಿಕೊಂಡಿದ್ದಾಳೆ, ದಯವಿಟ್ಟು ಗೊತ್ತಿರೋರು ಹೇಳಿ.