ವೆಂಚುರಿ ಸಿಮ್ಯುಲೇಶನ್ನಿನ ಉತ್ತರಕ್ಕೆ ಎಷ್ಟು ‘ಹೆಚ್ಚು-ಕಡಿಮೆ’ ಹಾಕಬೇಕು?

ಪ್ರಶ್ನೆ (ಶಿರಸಿಯಿಂದ)

ನಮಸ್ಕಾರ. ನಮ್ಮ ಅಡಿಕೆ ತೋಟದ ಹನಿ ನೀರಾವರಿಯಲ್ಲಿ ಗೊಬ್ಬರದ ದ್ರಾವಣವನ್ನು ಹೀರಿಕೊಳ್ಳಲು ವೆಂಚುರಿಯೊಂದನ್ನು (ನಡುವೆ ಕಿರಿದಾಗುವ ಕೊಳವೆ) ಕೂಡಿಸಿದ್ದು, ಅದರೊಳಗಿನ ಹರಿವನ್ನು ಓಪನ್‌ಫೋಮ್ ಎಂಬ ಹರಿವಿನ ತಂತ್ರಾಂಶದಲ್ಲಿ ಲೆಕ್ಕ ಹಾಕಿದ್ದೇನೆ. ನೀರು ಬೆಟ್ಟದ ಮೇಲಿನ ಟ್ಯಾಂಕಿಯಿಂದ ಇಳಿಯುತ್ತದೆ. ಒಳಬರುವ ಒತ್ತಡ ಸುಮಾರು 150 ಕಿಲೋಪ್ಯಾಸ್ಕಲ್, ಥ್ರೋಟ್‌ನ (ಅತಿ ಕಿರಿದಾದ ಭಾಗದ) ವ್ಯಾಸ 8 ಮಿ.ಮೀ. ಪ್ರತಿ ದಿಕ್ಕಿನಲ್ಲೂ ಮೆಶ್ಶನ್ನು (ಲೆಕ್ಕಕ್ಕಾಗಿ ಹರಿವಿನ ಜಾಗವನ್ನು ಹಂಚಿದ ಚಿಕ್ಕ ಕೋಶಗಳ ಜಾಲವನ್ನು) ಒಂದೂವರೆ ಪಟ್ಟು ಸಣ್ಣದಾಗಿಸುತ್ತ ಹೋದಾಗ ಹೀರಿಕೆಯ ಪ್ರಮಾಣ ಗಂಟೆಗೆ 92, 98 ಮತ್ತು 100.5 ಲೀಟರ್ ಬಂತು. ತೋಟದಲ್ಲಿ ಬಕೆಟ್ಟು ಇಟ್ಟು ಅಳೆದರೆ ಸಿಗುವುದು 84 ಮಾತ್ರ. ಟರ್ಬುಲೆನ್ಸ್ ಮಾದರಿಯನ್ನೇ (ನೀರಿನ ಸುಳಿಗಳ ಪರಿಣಾಮವನ್ನು ಅಂದಾಜಿಸುವ ಸೂತ್ರಗಳನ್ನೇ) ಬದಲಿಸಬೇಕೇ, ಅಥವಾ ಈ ಅಂತರ ಸಹಜವೇ? ಉತ್ತರದ ಅನಿಶ್ಚಿತತೆಯನ್ನು ಅಂಕಿಯಲ್ಲಿ ಹೇಳುವ ಕ್ರಮ ಯಾವುದು?

ಉತ್ತರ 1 (ಕಾರವಾರದಿಂದ)

ಮೊದಲು ಮೆಶ್ಶಿನ ಪಾಲನ್ನು ಬೇರ್ಪಡಿಸಿಕೊಳ್ಳಿ. ನಿಮ್ಮ ಮೂರು ಉತ್ತರಗಳ ನಡುವಿನ ಅಂತರ 6 ಮತ್ತು 2.5, ಇವುಗಳ ಅನುಪಾತ 2.4. ಇದರಿಂದ ಲೆಕ್ಕದ ನಿಖರತೆಯ ಕ್ರಮಾಂಕ (ಮೆಶ್ ಸಣ್ಣದಾದಂತೆ ದೋಷ ಎಷ್ಟನೇ ಘಾತದಲ್ಲಿ ಇಳಿಯುತ್ತದೆ ಎಂಬುದು) ಸುಮಾರು 2.2 ಎಂದು ಬರುತ್ತದೆ, ಎರಡನೇ ಕ್ರಮಾಂಕದ ವಿಧಾನವಾಗಿದ್ದರೆ ಇದು ನಂಬುವಂಥದ್ದೇ. ರಿಚರ್ಡ್‌ಸನ್ ವಿಧಾನದಂತೆ ಮುಂದುವರಿಸಿದರೆ ಮೆಶ್ ಅತಿ ಸೂಕ್ಷ್ಮವಾದಾಗಿನ ಬೆಲೆ 102.3ರ ಆಸುಪಾಸಿನಲ್ಲಿದೆ, ಪ್ಯಾಟ್ರಿಕ್ ರೋಚ್ 1994ರಲ್ಲಿ ಸೂಚಿಸಿದ ಮೆಶ್ ಸೂಚ್ಯಂಕವನ್ನು (ಮೆಶ್ಶಿನಿಂದಾಗುವ ದೋಷದ ಅಂದಾಜನ್ನು) 1.25ರ ಸುರಕ್ಷತಾ ಗುಣಾಂಕದೊಂದಿಗೆ ಹಾಕಿದರೆ ನಿಮ್ಮ ಕೊನೆಯ ಉತ್ತರಕ್ಕೆ ಶೇ. 2.2ರಷ್ಟು ಹೆಚ್ಚು-ಕಡಿಮೆ ಸಾಕು. ಅಂದರೆ ಅಪರಾಧಿ ಮೆಶ್ ಅಲ್ಲ.

ನನ್ನ ಸಂಶಯವಿರುವುದು ನೀವು ಕೊಟ್ಟ ಒಳಹರಿವಿನ ಅಂಕಿಗಳ ಮೇಲೆ. ಹೀರಿಕೆ ಎಂಬುದು ಎರಡು ದೊಡ್ಡ ಸಂಖ್ಯೆಗಳ ಸಣ್ಣ ವ್ಯತ್ಯಾಸ: ಒಳಗಿನ ಒತ್ತಡ 150 ಇದ್ದು ಥ್ರೋಟ್‌ನಲ್ಲಿ ವೇಗದಿಂದಾಗುವ ಇಳಿಕೆ 170 ಆದರೆ ಉಳಿಯುವ ಹೀರಿಕೆಯ ಬಲ ಕೇವಲ 20 ಕಿಲೋಪ್ಯಾಸ್ಕಲ್. ಹರಿವು ಅಷ್ಟೇ ಇದ್ದು ಥ್ರೋಟ್ 8ರ ಬದಲು 8.1 ಮಿ.ಮೀ. ಇದ್ದರೆ, ವ್ಯಾಸದ ನಾಲ್ಕನೇ ಘಾತದ ಕಾರಣದಿಂದ, 170 ಇದ್ದದ್ದು 162ಕ್ಕೆ ಇಳಿಯುತ್ತದೆ ಮತ್ತು ಹೀರಿಕೆಯ ಬಲ 12ಕ್ಕೆ ಕುಸಿಯುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಭಾಗದಲ್ಲಿ 0.1 ಮಿ.ಮೀ. ದೊಡ್ಡ ವಿಷಯವೇನಲ್ಲ. ಇನ್ನು ಪ್ರೆಶರ್ ಗೇಜ್: 1.6 ದರ್ಜೆಯ, 0ರಿಂದ 4 ಕೆ.ಜಿ.ವರೆಗಿನ (ಚದರ ಸೆಂ.ಮೀ.ಗೆ) ಗೇಜಿನಲ್ಲಿ ದೋಷವನ್ನು ಪೂರ್ಣ ಅಳತೆಯ ಶೇ. 1.6 ಎಂದು ಎಣಿಸುವುದರಿಂದ, ಮುಳ್ಳು ಎಲ್ಲೇ ನಿಂತಿರಲಿ, ಸುಮಾರು 6 ಕಿಲೋಪ್ಯಾಸ್ಕಲ್ ಆಚೀಚೆ ಇರಬಹುದು. ಟ್ಯಾಂಕಿಯ ನೀರು ಒಂದು ಮೀಟರ್ ಇಳಿದರೆ ಹತ್ತು ಕಿಲೋಪ್ಯಾಸ್ಕಲ್ ಹೋಯಿತು. ಇವನ್ನೆಲ್ಲ ಸೇರಿಸಿದರೆ ನಿಮ್ಮ ಶೇ. 16ರ ಅಂತರ ಅನಿಶ್ಚಿತತೆಯ ಪಟ್ಟಿಯೊಳಗೇ ಬೀಳುತ್ತದೆ ಎಂದು ನನ್ನ ಅಂದಾಜು. ಹಾಗಿರುವಾಗ ಮಾದರಿ ತಪ್ಪು ಎನ್ನಲು ಆಧಾರವಿಲ್ಲ. ಸರಿ ಎನ್ನಲೂ ಇಲ್ಲ.

ಉತ್ತರ 2 (ಕುಮಟಾದಿಂದ)

ಹಿಂದಿನವರ ದಿಕ್ಕು ಸರಿಯಾಗಿದೆ, ಆದರೆ ‘ಹರಿವು ಅಷ್ಟೇ ಇದ್ದರೆ’ ಎಂಬ ಷರತ್ತು ಇಲ್ಲಿ ನಿಲ್ಲುವುದಿಲ್ಲ. ಟ್ಯಾಂಕಿಯಿಂದ ಬರುವ ನೀರಿಗೆ ಥ್ರೋಟ್ ದೊಡ್ಡದಾದರೆ ಹರಿವೂ ಹೆಚ್ಚುತ್ತದೆ, ಆದ್ದರಿಂದ ಹೀರಿಕೆ ಅಷ್ಟು ಕುಸಿಯದು. ಕೈಲೆಕ್ಕ ಬಿಟ್ಟು, ಒಳ ಹಾಗೂ ಹೊರ ಒತ್ತಡಗಳನ್ನು ಗಡಿ ಷರತ್ತುಗಳಾಗಿ ಕೊಟ್ಟು ಸಿಮ್ಯುಲೇಶನ್ನನ್ನೇ ಕೇಳಿ. ಹೊರ ಒತ್ತಡವಂತೂ ತೋಟದಲ್ಲಿ ಎಷ್ಟು ಸಾಲುಗಳ ವಾಲ್ವ್ ತೆರೆದಿದೆ ಎಂಬುದರ ಮೇಲೆ ಬದಲಾಗುತ್ತದೆ, ಅದನ್ನು ನೀವು ಹೇಳಿಯೇ ಇಲ್ಲ.

ಥ್ರೋಟ್, ಒಳ ಒತ್ತಡ, ಹೊರ ಒತ್ತಡ ಎಂಬ ಮೂರು ಅನಿಶ್ಚಿತ ಅಂಶಗಳಿಗೆ ಮಾಂಟೆ ಕಾರ್ಲೊ (ಅಂಕಿಗಳನ್ನು ಯಾದೃಚ್ಛಿಕವಾಗಿ ಆರಿಸಿ ಮತ್ತೆ ಮತ್ತೆ ಲೆಕ್ಕ ಹಾಕುವ ಕ್ರಮ) ದುಬಾರಿ. ದೋಷವನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ರನ್ ಬೇಕು. ಎರಡನೇ ಘಾತದ ಪಾಲಿನೋಮಿಯಲ್ ಕೇಯಾಸ್‌ನಲ್ಲಿ (ಉತ್ತರವನ್ನು ಅನಿಶ್ಚಿತ ಅಂಶಗಳ ಬಹುಪದಿಯಾಗಿ ಬರೆಯುವ ವಿಧಾನದಲ್ಲಿ) ಹತ್ತೇ ಗುಣಾಂಕಗಳಿರುವುದರಿಂದ, ಲ್ಯಾಟಿನ್ ಹೈಪರ್‌ಕ್ಯೂಬ್ ಕ್ರಮದಲ್ಲಿ (ಪ್ರತಿ ಅಂಶದ ಇಡೀ ವ್ಯಾಪ್ತಿಗೆ ಸಮವಾಗಿ ಹರಡುವಂತೆ) ಆರಿಸಿದ ಇಪ್ಪತ್ತು ರನ್ನುಗಳಿಂದ ಕೆಲಸವಾಗುತ್ತದೆ. ಮಧ್ಯಮ ಮೆಶ್ ಸಾಕು. ಯಾವ ಅಂಶದ ಪಾಲು ಎಷ್ಟೆಂಬುದೂ ಆ ಗುಣಾಂಕಗಳಿಂದಲೇ ತಿಳಿಯುತ್ತದೆ.

ಟರ್ಬುಲೆನ್ಸ್ ಮಾದರಿಯ ಅನಿಶ್ಚಿತತೆಯನ್ನು ಇದರೊಳಗೆ ಬೆರೆಸಬೇಡಿ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 12 ಮಿ.ಮೀ. ಕೊಳವೆಗೆ 4 ಮಿ.ಮೀ. ಥ್ರೋಟ್ ಇರುವ ನಳಿಕೆಯೊಂದನ್ನು ಕೊಟ್ಟು ಲೆಕ್ಕ ಹಾಕಲು ಹೇಳಿದಾಗ, 28 ತಂಡಗಳ ಉತ್ತರಗಳು ಥ್ರೋಟ್ ದಾಟಿ ಕೊಳವೆ ಹಿಗ್ಗುವ ಭಾಗದಲ್ಲಿ ಬಹಳ ಚದುರಿದ್ದವು. ಎರಡು ಮಾದರಿಗಳ ಫಲಿತಾಂಶವನ್ನು ಪಕ್ಕಪಕ್ಕದಲ್ಲಿ ತೋರಿಸುವುದೇ ಪ್ರಾಮಾಣಿಕ ಕ್ರಮ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹೊರ ಒತ್ತಡಕ್ಕೆ ಗೇಜ್ ಹಾಕಿಸುತ್ತೇನೆ. ಥ್ರೋಟ್ ಒಳಗೆ ವರ್ನಿಯರ್‌ನ ದವಡೆ ಹೋಗುವುದಿಲ್ಲವಲ್ಲ, ಅಳೆಯುವುದು ಹೇಗೆ?

ಉತ್ತರ 1ರವರು

ಡ್ರಿಲ್ ಬಿಟ್‌ಗಳು 0.1 ಮಿ.ಮೀ. ಅಂತರದಲ್ಲಿ ಸಿಗುತ್ತವೆ. 7.9, 8.0, 8.1ರ ಬಿಟ್ಟುಗಳ ನುಣುಪಾದ ಬುಡವನ್ನು ವರ್ನಿಯರ್‌ನಲ್ಲಿ ಅಳೆದುಕೊಂಡು, ಒಂದೊಂದಾಗಿ ಥ್ರೋಟ್‌ಗೆ ತೂರಿಸಿ ನೋಡಿ. ಯಾವುದು ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದರ ನಡುವೆ ನಿಮ್ಮ ವ್ಯಾಸವಿದೆ. ಒತ್ತಿ ತುರುಕಬೇಡಿ, ಪ್ಲಾಸ್ಟಿಕ್ ಹಿಗ್ಗುತ್ತದೆ.