ಲಡ್ಲೋ ಊರಿಗೆ ಒಂದು ದಿನ: ಅಮ್ಮನ ಮಂಡಿನೋವಿಗೆ ಹೊಂದುವ ದಾರಿ ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ನಾವು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇವೆ. ಧಾರವಾಡದಿಂದ ಅಪ್ಪ ಅಮ್ಮ ಬಂದಿದ್ದಾರೆ. ಈ ಶನಿವಾರ ಅವರನ್ನು ಶ್ರಾಪ್‌ಶೈರ್‌ನ ಲಡ್ಲೋಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಶ್ರೂಸ್‌ಬರಿಯಲ್ಲಿ ರೈಲು ಬದಲಿಸಿ ಹೋಗುತ್ತೇವೆ. ಊರಲ್ಲಿ ಸಿಗುವುದು ಐದೇ ಗಂಟೆ.

ಅಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು. ಎಂಟನೇ ಹೆನ್ರಿಯ ಅಣ್ಣ ಆರ್ಥರ್ 1502ರಲ್ಲಿ ತೀರಿಕೊಂಡದ್ದು ಇಲ್ಲಿನ ಕೋಟೆಯಲ್ಲೇ. ಆ ಅಣ್ಣ ಬದುಕಿದ್ದರೆ ಹೆನ್ರಿ ರಾಜನೇ ಆಗುತ್ತಿರಲಿಲ್ಲ, ಅಲ್ವಾ? ಅಪ್ಪ ಇದನ್ನು ದಿನಾ ಹೇಳುತ್ತಿದ್ದಾರೆ. ಹಾಗಾಗಿ ಕೋಟೆ ಬಿಡುವ ಹಾಗಿಲ್ಲ. ಅಮ್ಮನಿಗೆ ಕೋಟೆ ಎದುರಿನ ಸಂತೆ ನೋಡುವ ಆಸೆ.

ತೊಂದರೆ ಅಂದರೆ ಅಮ್ಮನ ಮಂಡಿನೋವು. ಊರು ಗುಡ್ಡದ ಮೇಲಿದೆ. ಸೇಂಟ್ ಲಾರೆನ್ಸ್ ಚರ್ಚಿನ ಗೋಪುರಕ್ಕೆ 200 ಮೆಟ್ಟಿಲು, ಅದನ್ನು ಆಗಲೇ ಕೈಬಿಟ್ಟಿದ್ದೇವೆ. ಬ್ರಾಡ್ ಸ್ಟ್ರೀಟ್‌ನಲ್ಲಿ ಇಳಿದು, ಹಳೆಯ ಊರಬಾಗಿಲು ದಾಟಿ ಲಡ್‌ಫರ್ಡ್ ಸೇತುವೆವರೆಗೆ ಹೋಗುವ ಮನಸ್ಸಿದೆ. ಇಳಿಯುವುದೇನೋ ಸುಲಭ, ವಾಪಸ್ ಹತ್ತುವುದು ಹೇಗೆ? ಮ್ಯಾಪ್ ಎಷ್ಟು ನೋಡಿದರೂ ದೂರ ಮಾತ್ರ ಗೊತ್ತಾಗುತ್ತದೆ, ಏರು ಎಷ್ಟಿದೆ ಅಂತ ಅಂದಾಜು ಸಿಗುತ್ತಿಲ್ಲ. ಆಫೀಸಿನಲ್ಲಿ ಕೇಳಿದೆ. ಒಬ್ಬರು ಸಲೀಸು ಅಂದರು, ಇನ್ನೊಬ್ಬರು ಬೇಡವೇ ಬೇಡ ಅಂದರು.

ಅಲ್ಲಿಗೆ ಹಿರಿಯರನ್ನು ಕರೆದುಕೊಂಡು ಹೋದವರು ದಯವಿಟ್ಟು ಹೇಳಿ. ಸ್ಟೇಷನ್‌ನಿಂದ ಕೋಟೆವರೆಗಿನ ಏರನ್ನು ಮಂಡಿನೋವಿನವರು ನಿಧಾನವಾಗಿ ನಡೆಯಬಹುದಾ, ಟ್ಯಾಕ್ಸಿನೇ ಬೇಕಾ? ನದಿ ನೋಡಲು ಲಡ್‌ಫರ್ಡ್ ಸೇತುವೆ ವಾಸಿಯೋ, ಕೋಟೆ ಹಿಂದಿನ ಡಿನಮ್ ಸೇತುವೆ ವಾಸಿಯೋ?